ಡ್ರೋನ್ ಕ್ಯಾಮೆರಾದ ಆಟೋ ಸೌಲಭ್ಯಗಳು: ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ಕೈಯಲ್ಲಿ ಉಳಿಸಿಕೊಳ್ಳಬೇಕು?

ಬಾನಾಡಿ

ಎಲ್ಲರಿಗೂ ನಮಸ್ಕಾರ. ನಾನು ಡಿಜೆಐ ಮಿನಿ 4 ಪ್ರೊ ಬಳಸುತ್ತಿದ್ದೇನೆ. ಹಾರಾಟ ಈಗ ಕೈಗೆ ಹೊಂದಿಕೊಂಡಿದೆ. ಆದರೆ ತೆಗೆದ ಶಾಟ್‌ಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಿದಾಗ ಸಮಾಧಾನವಾಗುತ್ತಿಲ್ಲ. ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿಟ್ಟು, ಕ್ವಿಕ್‌ಶಾಟ್ಸ್‌ನಲ್ಲಿರುವ ಡ್ರೋನಿ, ಸರ್ಕಲ್, ಹೀಲಿಕ್ಸ್ ಮುಂತಾದ ಸಿದ್ಧ ಚಲನೆಗಳಿಂದಲೇ ಹೆಚ್ಚಿನ ಶಾಟ್‌ಗಳನ್ನು ತೆಗೆಯುತ್ತೇನೆ. ನೆಲದ ಕಡೆ ಬಾಗಿದ್ದ ಕ್ಯಾಮೆರಾ ದಿಗಂತದ ಕಡೆ ಏಳುತ್ತಿದ್ದಂತೆ ನೆಲವೆಲ್ಲ ಕಪ್ಪಾಗುತ್ತದೆ. ಹುಲ್ಲಿನ ಬಯಲನ್ನು ದಾಟಿ ನೀರಿನ ಮೇಲೆ ಬಂದಾಗ ಒಂದೇ ಶಾಟ್‌ನ ಒಳಗೆ ಬಣ್ಣದ ಛಾಯೆ ಹಳದಿಯಿಂದ ನೀಲಿಗೆ ಜಾರುತ್ತದೆ. ಅಕ್ಕಪಕ್ಕಕ್ಕೆ ತಿರುಗುವಾಗ ಚಿತ್ರ ತಡವರಿಸಿದಂತೆ ಕಾಣುತ್ತದೆ.

ಬಲ್ಲವರನ್ನು ಕೇಳಿದರೆ ಕೆಲವರು ಎಲ್ಲವನ್ನೂ ಮ್ಯಾನುಯಲ್ ಮಾಡಿಕೊಳ್ಳಿ ಎನ್ನುತ್ತಾರೆ, ಇನ್ನು ಕೆಲವರು ಯಂತ್ರವೇ ಮಾಡುವ ಕೆಲಸಕ್ಕೆ ನೀವೇಕೆ ತಲೆ ಕೆಡಿಸಿಕೊಳ್ಳುತ್ತೀರಿ ಎನ್ನುತ್ತಾರೆ. ಒಬ್ಬನೇ ನಿಂತು ಹಾರಾಟ, ಫ್ರೇಮ್, ಬೆಳಕು ಈ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವುದು ನನ್ನಿಂದ ಆಗುವಂತೆ ತೋರುವುದಿಲ್ಲ. ಅನುಭವವುಳ್ಳವರು ಈ ಎರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ನೆರಳುಬೆಳಕು

ಬಾನಾಡಿ ಅವರೇ, ನಿಮ್ಮ ಡ್ರೋನ್‌ನಲ್ಲಿ ಆಟೋ ಎಂದು ಕರೆಯಲಾಗುವ ಸೌಲಭ್ಯಗಳು ಎರಡು ಬೇರೆ ಬೇರೆ ಜಾತಿಯವು. ಒಂದು ಜಾತಿ ಹಾರಾಟದ ದಾರಿಯನ್ನು ನೋಡಿಕೊಳ್ಳುತ್ತದೆ: ಇಷ್ಟು ದೂರದಲ್ಲಿ, ಇಷ್ಟು ವೇಗದಲ್ಲಿ, ಈ ಮರದ ಸುತ್ತ ಸುತ್ತು ಎಂದು ನೀವು ಮೊದಲೇ ಹೇಳಿಕೊಟ್ಟದ್ದನ್ನು ಅದು ನಿಮ್ಮ ಹೆಬ್ಬೆರಳಿಗಿಂತ ನುಣುಪಾಗಿ ನೆರವೇರಿಸುತ್ತದೆ. ಇನ್ನೊಂದು ಜಾತಿ ಚಿತ್ರವನ್ನು ನೋಡಿಕೊಳ್ಳುತ್ತದೆ: ಎಕ್ಸ್‌ಪೋಷರ್ (ಚಿತ್ರಕ್ಕೆ ಎಷ್ಟು ಬೆಳಕು ಬೀಳಬೇಕೆಂಬುದು), ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣದ ಛಾಯೆಯ ಹೊಂದಾಣಿಕೆ), ಫೋಕಸ್. ಇದು ನೀವು ಹೇಳಿಕೊಟ್ಟದ್ದನ್ನು ಮಾಡುವುದಿಲ್ಲ. ಶಾಟ್ ನಡೆಯುತ್ತಿರುವಾಗಲೇ ಫ್ರೇಮಿನಲ್ಲಿ ಏನು ಕಂಡಿತೋ ಅದನ್ನು ನೋಡಿ ತನ್ನ ತೀರ್ಮಾನವನ್ನು ಮತ್ತೆ ಮತ್ತೆ ಬದಲಿಸುತ್ತದೆ. ನೀವು ಹೇಳಿದ ಕಪ್ಪಾಗುವಿಕೆ ಮತ್ತು ಬಣ್ಣದ ಜಾರುವಿಕೆ ಎರಡಕ್ಕೂ ಕಾರಣ ಅದೇ. ಕ್ಯಾಮೆರಾ ಏಳುತ್ತಿದ್ದಂತೆ ಫ್ರೇಮಿನೊಳಗೆ ಆಕಾಶದ ಪಾಲು ಹೆಚ್ಚುತ್ತದೆ, ಸರಾಸರಿ ಬೆಳಕು ಏರುತ್ತದೆ, ಅದನ್ನು ಸರಿದೂಗಿಸಲು ಕ್ಯಾಮೆರಾ ಎಲ್ಲವನ್ನೂ ತಗ್ಗಿಸುತ್ತದೆ. ಅದರ ಲೆಕ್ಕ ಸರಿಯಾಗಿಯೇ ಇದೆ, ಆದರೆ ನೋಡುವವನ ಕಣ್ಣಿಗೆ ಆ ಬದಲಾವಣೆಯೇ ಎದ್ದು ಕಾಣುತ್ತದೆ.

ಆದ್ದರಿಂದ ದಾರಿಯನ್ನು ಯಂತ್ರಕ್ಕೆ ಬಿಡಿ, ಚಿತ್ರವನ್ನು ಬೀಗ ಹಾಕಿಡಿ ಎಂಬುದು ನನ್ನ ಅಭಿಪ್ರಾಯ. ಬೀಗ ಹಾಕುವುದೆಂದರೆ ಹಾರುತ್ತಲೇ ಗುಂಡಿಗಳನ್ನು ತಿರುಗಿಸುವುದಲ್ಲ; ಶಾಟ್ ಶುರುವಾಗುವ ಮೊದಲು ಒಮ್ಮೆ ಹೊಂದಿಸಿ ಅಲ್ಲಿಗೆ ಬಿಟ್ಟುಬಿಡುವುದು. ಶಾಟ್ ಎಲ್ಲಿ ಮುಗಿಯಬೇಕೋ ಆ ಫ್ರೇಮಿಗೆ ಕ್ಯಾಮೆರಾವನ್ನು ಮೊದಲೇ ತಿರುಗಿಸಿ, ಅಲ್ಲಿನ ಆಕಾಶ ಬಿಳಿಚಿಕೊಳ್ಳದಂತೆ ಎಕ್ಸ್‌ಪೋಷರ್ ಹೊಂದಿಸಿಕೊಂಡು ಎಇ ಲಾಕ್ ಮಾಡಿ (ಆ ಎಕ್ಸ್‌ಪೋಷರ್ ಬದಲಾಗದಂತೆ ನಿಲ್ಲಿಸಿ), ಆಮೇಲೆ ಆರಂಭದ ಫ್ರೇಮಿಗೆ ಮರಳಿ. ನೆಲ ಸ್ವಲ್ಪ ಮಬ್ಬಾಗಿ ಬಂದರೂ 10 ಬಿಟ್‌ನ ಡಿ-ಲಾಗ್ ಎಂ (ಬಣ್ಣ, ಬೆಳಕನ್ನು ಆಮೇಲೆ ತಿದ್ದಲು ಅನುವಾಗುವ ವಿಡಿಯೊ ರೂಪ) ಫೈಲಿನಲ್ಲಿ ಅದನ್ನು ಎತ್ತಿಕೊಳ್ಳಲು ಸಾಕಷ್ಟು ಜಾಗವಿರುತ್ತದೆ. ಬಿಳಿಚಿಹೋದ ಮೋಡವನ್ನು ಯಾವ ಎಡಿಟಿಂಗ್ ತಂತ್ರಾಂಶವೂ ವಾಪಸು ತರಲಾರದು. ವೈಟ್ ಬ್ಯಾಲೆನ್ಸ್ ಅನ್ನು ಬಿಸಿಲಿಗೆ 5500 ಕೆಲ್ವಿನ್, ಮೋಡಕ್ಕೆ 6500 ಕೆಲ್ವಿನ್‌ನ ಆಸುಪಾಸಿನಲ್ಲಿ ನಿಲ್ಲಿಸಿದರೆ ಸಾಕು. ಸಂಖ್ಯೆ ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ, ಏಕೆಂದರೆ ಇಡೀ ಶಾಟ್‌ಗೆ ಒಂದೇ ರೀತಿ ತಪ್ಪಿದ ಬಣ್ಣವನ್ನು ಒಂದೇ ಸಲಕ್ಕೆ ತಿದ್ದಬಹುದು. ಶಾಟ್‌ನ ನಡುವೆ ಜಾರಿದ ಬಣ್ಣವನ್ನು ತಿದ್ದುವುದಾದರೆ ಫ್ರೇಮಿನಿಂದ ಫ್ರೇಮಿಗೆ ಬೆನ್ನು ಹತ್ತಬೇಕಾಗುತ್ತದೆ.

ಇನ್ನು ತಡವರಿಸುವಿಕೆ. ನಿಮ್ಮ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್/1.7ಕ್ಕೆ ಸ್ಥಿರವಾಗಿದೆ, ಅದನ್ನು ಕಿರಿದು ಮಾಡುವಂತಿಲ್ಲ. ಛಾಯಾಗ್ರಾಹಕರು ಬಳಸುವ ಸನ್ನಿ 16 ಲೆಕ್ಕದಂತೆ ನಡುಹಗಲಿನ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/16ಕ್ಕೆ ಸುಮಾರು 1/100 ಸೆಕೆಂಡಿನ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಬೇಕು. ಅದೇ ಬೆಳಕಿಗೆ ಎಫ್/1.7ರಲ್ಲಿ ಶಟರ್ 1/8000ಕ್ಕೂ ಮೇಲೆ ಹೋಗುತ್ತದೆ; ಆಗ ಚಲನೆಯ ಮಸುಕು ಇಲ್ಲದೆ ಚಿತ್ರ ಜಿಗಿದಂತೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊಗೆ ಸಹಜ ಚಲನೆ ಕಾಣಬೇಕಾದರೆ ಶಟರ್ 1/50ರ ಹತ್ತಿರ ಇರಬೇಕೆಂಬುದು ರೂಢಿ. ಈ ಅಂತರವನ್ನು ತುಂಬಲು ಏಳು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಹೆಚ್ಚು ಬೆಳಕನ್ನು ತಡೆಯಬೇಕು. ಲೆನ್ಸಿನ ಮುಂದೆ ಹಾಕುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್‌ಗಳಲ್ಲಿ ಎನ್‌ಡಿ64 ತಡೆಯುವುದು ಆರು ಸ್ಟಾಪ್, ಎನ್‌ಡಿ256 ಎಂಟು ಸ್ಟಾಪ್. ಎಫ್/2.8 ಲೆನ್ಸಿನ ಡ್ರೋನ್ ಇರುವವರು ಎನ್‌ಡಿ64 ಸಾಕು ಎಂದು ಹೇಳುವುದನ್ನು ಕೇಳಿ ಅದನ್ನೇ ಕೊಂಡರೆ ನಿಮ್ಮ ಕ್ಯಾಮೆರಾಕ್ಕೆ ಸಾಲದೆ ಹೋಗಬಹುದು.

ಸಂಕಲನಕಾರ

ನೆರಳುಬೆಳಕು ಅವರ ವಿಂಗಡಣೆಯನ್ನು ಒಪ್ಪುತ್ತೇನೆ, ಆದರೆ 1/50ರ ಶಟರನ್ನು ಎಲ್ಲ ಎತ್ತರಕ್ಕೂ ಕಟ್ಟಳೆ ಮಾಡುವುದನ್ನು ಒಪ್ಪಲಾರೆ. ಲೆಕ್ಕ ಹಾಕಿ ನೋಡೋಣ. ಡ್ರೋನ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಪಕ್ಕಕ್ಕೆ ಸಾಗುತ್ತಿದೆ ಎಂದುಕೊಳ್ಳಿ. 25 ಫ್ರೇಮ್‌ಗಳ ವಿಡಿಯೊದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅದು 20 ಸೆಂಟಿಮೀಟರ್ ಸರಿದಿರುತ್ತದೆ. ವಸ್ತು 100 ಮೀಟರ್ ದೂರದಲ್ಲಿದ್ದರೆ 4ಕೆ ಫ್ರೇಮಿನಲ್ಲಿ ಆ ಸರಿತ ಸುಮಾರು 5 ಪಿಕ್ಸೆಲ್; ಮಸುಕು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಅದೇ ವಸ್ತು 5 ಮೀಟರ್ ದೂರದಲ್ಲಿದ್ದರೆ ಸರಿತ 100 ಪಿಕ್ಸೆಲ್; ಆಗ ಮಸುಕಿಲ್ಲದ ಚೂಪಾದ ಫ್ರೇಮ್‌ಗಳು ಒಂದರ ಪಕ್ಕ ಒಂದು ಜಿಗಿಯುತ್ತವೆ. ಆದ್ದರಿಂದ ನೆಲಕ್ಕೆ ಹತ್ತಿರ ಹಾರುವಾಗ ಎನ್‌ಡಿ ಫಿಲ್ಟರ್ ಬೇಕೇ ಬೇಕು, ಎತ್ತರದಿಂದ ನೇರವಾಗಿ ಸಾಗುವಾಗ ಅದಿಲ್ಲದೆಯೂ ನಡೆಯುತ್ತದೆ.

ಆದರೆ ಒಂದು ಅಪವಾದವಿದೆ, ಬಾನಾಡಿ ಅವರ ತೊಂದರೆ ಇರುವುದು ಅಲ್ಲಿಯೇ ಎಂದು ನನಗನಿಸುತ್ತದೆ. ಡ್ರೋನ್ ನಿಂತಲ್ಲೇ ಎಡಕ್ಕೋ ಬಲಕ್ಕೋ ತಿರುಗುವಾಗ ದೂರದ ವಸ್ತುವೂ ಹತ್ತಿರದ ವಸ್ತುವೂ ಫ್ರೇಮಿನಲ್ಲಿ ಒಂದೇ ವೇಗದಲ್ಲಿ ಓಡುತ್ತವೆ. ಸೆಕೆಂಡಿಗೆ 20 ಡಿಗ್ರಿ ತಿರುಗಿದರೆ ಪ್ರತಿ ಫ್ರೇಮಿಗೆ 35 ಪಿಕ್ಸೆಲ್‌ನಷ್ಟು ಜಿಗಿತ, ಎತ್ತರ ಎಷ್ಟೇ ಇರಲಿ. ಅಲ್ಲಿ ಎನ್‌ಡಿ ಫಿಲ್ಟರ್ ಎಷ್ಟು ಸಹಾಯ ಮಾಡುತ್ತದೋ ತಿರುಗುವ ವೇಗವನ್ನು ತಗ್ಗಿಸುವುದೂ ಅಷ್ಟೇ ಸಹಾಯ ಮಾಡುತ್ತದೆ. ನಿಧಾನ ಚಲನೆಯ ಸಿನಿ ಮೋಡ್‌ಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ತಿರುಗುವಿಕೆಯ ಗರಿಷ್ಠ ವೇಗವನ್ನು ಇಳಿಸಿ, ಗಿಂಬಲ್‌ನ (ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಭಾಗದ) ವೇಗವನ್ನೂ ಇಳಿಸಿ, ಮೃದುತ್ವವನ್ನು ಏರಿಸಿ. ಇದೂ ಒಂದು ಬಗೆಯ ಸ್ವಯಂಚಾಲನೆಯೇ, ಆದರೆ ಇದನ್ನು ಹೆಚ್ಚಿನವರು ಮುಟ್ಟುವುದಿಲ್ಲ.

ಕ್ವಿಕ್‌ಶಾಟ್ಸ್ ಬಗ್ಗೆ ಒಂದು ಮಾತು. ಎಡಿಟಿಂಗ್ ಮೇಜಿಗೆ ಬರುವ ಹತ್ತು ಜನರ ಫೂಟೇಜ್‌ನಲ್ಲಿ ಡ್ರೋನಿ ಶಾಟ್ ಒಂದೇ ರೀತಿ ಇರುತ್ತದೆ: ವ್ಯಕ್ತಿ ನಡುವೆ ನಿಂತಿರುತ್ತಾನೆ, ಡ್ರೋನ್ ಹಿಂದಕ್ಕೂ ಮೇಲಕ್ಕೂ ಹೋಗುತ್ತದೆ, ನಿಲ್ಲುತ್ತದೆ. ಚಲನೆ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಏನನ್ನೂ ತೋರಿಸಿಕೊಡುವುದಿಲ್ಲ. ಹಿಂದೆ ಸರಿಯುತ್ತಾ ಹೋದಂತೆ ಫ್ರೇಮಿನೊಳಗೆ ಹೊಸದೇನಾದರೂ ಬರಬೇಕು. ವ್ಯಕ್ತಿ ನಿಂತಿರುವುದು ಬಂಡೆಯೊಂದರ ಅಂಚಿನಲ್ಲಿ ಎಂಬುದು ಆರನೆಯ ಸೆಕೆಂಡಿಗೆ ಗೊತ್ತಾಗುವಂತಿದ್ದರೆ ಆ ಶಾಟ್‌ಗೆ ಅರ್ಥ ಬರುತ್ತದೆ. ಆ ಜಾಗವನ್ನು ಆರಿಸುವ ಕೆಲಸವನ್ನು ಯಾವ ಬಟನ್ನೂ ಮಾಡಿಕೊಡುವುದಿಲ್ಲ.

ನನ್ನ ಸಲಹೆ ಕೇಳುವುದಾದರೆ, ಕ್ವಿಕ್‌ಶಾಟ್ಸ್‌ಗಿಂತ ಸ್ಪಾಟ್‌ಲೈಟ್ ಅನ್ನು ಅಭ್ಯಾಸ ಮಾಡಿ. ಅದರಲ್ಲಿ ಡ್ರೋನ್ ತಾನಾಗಿ ಎಲ್ಲಿಗೂ ಹಾರುವುದಿಲ್ಲ. ದಾರಿ ನಿಮ್ಮ ಕೈಯಲ್ಲಿಯೇ ಇರುತ್ತದೆ, ಕ್ಯಾಮೆರಾ ಮಾತ್ರ ನೀವು ಗುರುತಿಸಿದ ವಸ್ತುವಿನ ಮೇಲೆ ನೆಟ್ಟಿರುತ್ತದೆ. ಒಬ್ಬನೇ ಹಾರಿಸುವವನಿಗೆ ಇದು ಪಕ್ಕದಲ್ಲಿ ಇನ್ನೊಬ್ಬ ಕ್ಯಾಮೆರಾಮನ್ ನಿಂತಂತೆ.

ಬಾನಾಡಿ

ಇಬ್ಬರಿಗೂ ಧನ್ಯವಾದಗಳು. ತಿರುಗುವಿಕೆಯ ವೇಗದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ, ಫಿಲ್ಟರ್ ಒಂದೇ ಪರಿಹಾರ ಎಂದುಕೊಂಡಿದ್ದೆ. ಇನ್ನೆರಡು ವಿಷಯ ತಿಳಿಯಬೇಕಿದೆ. ಪಾಯಿಂಟ್ ಆಫ್ ಇಂಟರೆಸ್ಟ್‌ನಲ್ಲಿ ಒಂದು ಕಟ್ಟಡದ ಸುತ್ತ ಸುತ್ತುವಾಗ ವೇಗವನ್ನು ಹೇಗೆ ತೀರ್ಮಾನಿಸುತ್ತೀರಿ? ಸೈಕಲ್ ತುಳಿಯುತ್ತಿರುವವರನ್ನು ಆಕ್ಟಿವ್‌ಟ್ರ್ಯಾಕ್‌ನಿಂದ ಹಿಂಬಾಲಿಸುವುದು ಎಷ್ಟರ ಮಟ್ಟಿಗೆ ನಂಬಬಹುದಾದ ಕೆಲಸ?

ನೆರಳುಬೆಳಕು

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಪರದೆಯ ಮೇಲೆ ಕಾಣುವ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದಿರುತ್ತದೆ, ಆದರೆ ನೋಡುವವನಿಗೆ ಮುಖ್ಯವಾಗುವುದು ಸೆಕೆಂಡಿಗೆ ಎಷ್ಟು ಡಿಗ್ರಿ ಎಂಬುದು, ಏಕೆಂದರೆ ಕಟ್ಟಡದ ಹಿಂದಿನ ಬಯಲು, ಬೆಟ್ಟ, ಆಕಾಶ ಇವೆಲ್ಲ ಆ ವೇಗದಲ್ಲಿಯೇ ಓಡುತ್ತವೆ. 30 ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 3 ಮೀಟರ್ ಎಂದರೆ ಸುಮಾರು 6 ಡಿಗ್ರಿ. ಪೂರ್ತಿ ಸುತ್ತಿಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಬೇಕು, ಕಾಲು ಸುತ್ತಿಗೆ 16 ಸೆಕೆಂಡು. ಇದು ನೆಮ್ಮದಿಯಾಗಿ ನೋಡಬಹುದಾದ ವೇಗ. ಅದೇ 3 ಮೀಟರನ್ನು 10 ಮೀಟರ್ ತ್ರಿಜ್ಯದಲ್ಲಿ ಇಟ್ಟರೆ ಸೆಕೆಂಡಿಗೆ 17 ಡಿಗ್ರಿ ಆಗಿ ಹಿನ್ನೆಲೆ ಸುಳಿಯತೊಡಗುತ್ತದೆ. ಆದ್ದರಿಂದ ತ್ರಿಜ್ಯವನ್ನು ಕಡಿಮೆ ಮಾಡಿದಾಗಲೆಲ್ಲ ವೇಗವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ.

ಪೂರ್ತಿ ಸುತ್ತು ಬೇಕೆಂಬ ಆಸೆಯನ್ನು ಬಿಡಿ ಎಂದೂ ಹೇಳುತ್ತೇನೆ. ಒಂದು ಕಟ್ಟಡದ ಮುಖ ಕಾಣದೆ ಇದ್ದು, ನಿಧಾನವಾಗಿ ಕಾಣತೊಡಗಿ, ಪೂರ್ತಿ ಎದುರಾಗುವವರೆಗಿನ ಕಾಲು ಸುತ್ತೇ ಸಾಕು. ಉಳಿದ ಮುಕ್ಕಾಲು ಎಡಿಟಿಂಗ್‌ನಲ್ಲಿ ಹೋಗಿಯೇ ಹೋಗುತ್ತದೆ. ಕಟ್ಟಡಕ್ಕೂ ಡ್ರೋನ್‌ಗೂ ನಡುವೆ ಮರದ ತುದಿಯೋ ಗೋಪುರವೋ ಹಾದುಹೋಗುವಂತೆ ಎತ್ತರವನ್ನು ಇಳಿಸಿಕೊಳ್ಳಿ. ಮುಂದಿರುವುದು ಬೇಗ ಸರಿದು ಹಿಂದಿರುವುದು ನಿಧಾನವಾಗಿ ಸರಿಯುವಾಗ ಮಾತ್ರ ಸುತ್ತುವಿಕೆಗೆ ಆಳ ಸಿಗುತ್ತದೆ. ಖಾಲಿ ಬಯಲಿನ ನಡುವಿನ ಒಂಟಿ ಕಟ್ಟಡದ ಸುತ್ತ 60 ಮೀಟರ್ ಎತ್ತರದಿಂದ ಸುತ್ತಿದರೆ ಕಟ್ಟಡವೇ ತಟ್ಟೆಯ ಮೇಲಿಟ್ಟು ತಿರುಗಿಸಿದಂತೆ ಕಾಣುತ್ತದೆ.

ಮಂದಾನಿಲ

ಆಕ್ಟಿವ್‌ಟ್ರ್ಯಾಕ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನನ್ನ ಹೆಚ್ಚಿನ ಕೆಲಸ ಚಲಿಸುವ ವಸ್ತುಗಳನ್ನು ಹಿಂಬಾಲಿಸುವುದೇ ಆಗಿದೆ. ಈ ತಂತ್ರ ಎಷ್ಟು ದೂರ ಬಂದಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2016ರ ಫ್ಯಾಂಟಮ್ 4ರಲ್ಲಿ ಡಿಜೆಐ ಇದನ್ನು ತಂದಾಗ ಅಡೆತಡೆ ನೋಡುವ ಕಣ್ಣು ಮುಂದಕ್ಕೆ ಮಾತ್ರ ಇತ್ತು. 2018ರಲ್ಲಿ ಬಂದ ಸ್ಕೈಡಿಯೊ ಆರ್1 ಎಂಬ ಡ್ರೋನ್ ಹದಿಮೂರು ಕ್ಯಾಮೆರಾಗಳನ್ನು ಹೊತ್ತು, ಸುತ್ತಲನ್ನೂ ನೋಡುತ್ತ ಮರಗಳ ನಡುವೆಯೇ ದಾರಿ ಹುಡುಕಿಕೊಳ್ಳುವುದನ್ನು ತೋರಿಸಿತು. ನಿಮ್ಮ ಮಿನಿ 4 ಪ್ರೊ ಕೂಡ ಎಲ್ಲ ದಿಕ್ಕಿಗೂ ನೋಡುತ್ತದೆ.

ಆದರೆ ಅದು ನೋಡುವುದು ಸಾಮಾನ್ಯ ಕ್ಯಾಮೆರಾಗಳಿಂದ ಎಂಬುದನ್ನು ಮರೆಯಬಾರದು. ತೆಳ್ಳಗಿನ ವಿದ್ಯುತ್ ತಂತಿ, ಎಲೆಯುದುರಿದ ಕೊಂಬೆ, ಗಾಜು, ಅಲೆಯಿಲ್ಲದ ನೀರು ಇವುಗಳಲ್ಲಿ ಆ ಕಣ್ಣುಗಳಿಗೆ ಹಿಡಿತ ಸಿಗುವುದಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಉಳಿದದ್ದೂ ಕಾಣುವುದಿಲ್ಲ. ವೇಗದ ಹಾರಾಟಕ್ಕಿರುವ ಸ್ಪೋರ್ಟ್ ಮೋಡ್‌ನಲ್ಲಿ ಅಡೆತಡೆ ತಪ್ಪಿಸುವ ವ್ಯವಸ್ಥೆ ಕೆಲಸವನ್ನೇ ಮಾಡುವುದಿಲ್ಲ. ಮಿನಿ 2ರಂತಹ ಮಾದರಿಗಳಿಗೆ ಕೆಳಗೆ ಮಾತ್ರ ಸೆನ್ಸರ್ ಇದೆ, ಆದ್ದರಿಂದ ಡ್ರೋನಿ ಶಾಟ್‌ನಲ್ಲಿ ಅದು ಹಿಂದಕ್ಕೆ ಹೋಗುವಾಗ ಹಿಂದೆ ಏನಿದೆ ಎಂದು ನೋಡುವ ಕಣ್ಣು ನಿಮ್ಮದೊಂದೇ. ನಾನು ಯಾವುದೇ ಸಿದ್ಧ ಚಲನೆಗೆ ಮೊದಲು ಅದೇ ದಾರಿಯನ್ನು ಅದೇ ಎತ್ತರದಲ್ಲಿ ಕೈಯಿಂದ ಒಮ್ಮೆ ನಿಧಾನವಾಗಿ ಹಾರಿಸಿ ನೋಡುತ್ತೇನೆ, ಮತ್ತು ಯಂತ್ರ ಹಾರುತ್ತಿರುವಷ್ಟು ಹೊತ್ತೂ ಹೆಬ್ಬೆರಳನ್ನು ರಿಮೋಟಿನ ನಿಲ್ಲಿಸುವ ಬಟನ್ ಮೇಲಿಂದ ತೆಗೆಯುವುದಿಲ್ಲ.

ಹಿಂಬಾಲಿಸುವಿಕೆ ತಪ್ಪುವುದು ಸಾಮಾನ್ಯವಾಗಿ ವಸ್ತು ಮರೆಯಾದಾಗ. ಸೈಕಲ್ ಸವಾರ ಮರದ ನೆರಳಿಗೆ ಹೋಗಿ ಹೊರಬರುವುದರೊಳಗೆ ಪಕ್ಕದಲ್ಲಿದ್ದ ಇನ್ನೊಬ್ಬ ಸವಾರನನ್ನು ಯಂತ್ರ ಹಿಡಿದುಕೊಂಡು ಹೋಗಬಹುದು. ಸುತ್ತಲಿನದಕ್ಕಿಂತ ಎದ್ದು ಕಾಣುವ ಬಣ್ಣದ ಅಂಗಿ, ತುಸು ಹೆಚ್ಚು ಎತ್ತರ, ಹಿಂದಿನಿಂದ ಹಿಂಬಾಲಿಸುವ ಬದಲು ಓರೆಯಾಗಿ ಪಕ್ಕದಿಂದ ಸಾಗುವುದು, ಇವು ಬಹಳ ಮಟ್ಟಿಗೆ ಕಾಪಾಡುತ್ತವೆ. ಪಕ್ಕದಿಂದ ಸಾಗುವಾಗ ರಸ್ತೆ ಬದಿಯ ಕಂಬ, ತಂತಿಗಳು ನೇರವಾಗಿ ಡ್ರೋನ್‌ನ ದಾರಿಗೇ ಬರುತ್ತವೆಂಬುದು ನೆನಪಿರಲಿ.

ತಾವೇ ಸೈಕಲ್ ತುಳಿಯುತ್ತ ಡ್ರೋನನ್ನು ಹಿಂದೆ ಬಿಟ್ಟುಕೊಳ್ಳುವವರನ್ನೂ ನೋಡಿದ್ದೇನೆ. ಬೆನ್ನ ಹಿಂದೆ ಹಾರುವ ಡ್ರೋನ್‌ಗೆ ಚಾಲಕನಿಲ್ಲ. ಯುರೋಪಿಯನ್ ಒಕ್ಕೂಟದ ಓಪನ್ ವರ್ಗದ ನಿಯಮಗಳು ಫಾಲೋ-ಮಿ (ಡ್ರೋನ್ ತಾನೇ ಚಾಲಕನನ್ನು ಹಿಂಬಾಲಿಸುವ) ಹಾರಾಟಕ್ಕೆ ಚಾಲಕನಿಂದ 50 ಮೀಟರ್‌ನ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಸವಾರ ಬೇರೆ, ಚಾಲಕ ಬೇರೆ ಆಗಿರಲಿ.

ದಿಗಂತ

ಇಲ್ಲಿ ಯಾರೂ ವೇಪಾಯಿಂಟ್ (ಗುರುತಿಸಿಟ್ಟ ಬಿಂದುಗಳ ದಾರಿಯಲ್ಲಿ ಡ್ರೋನ್ ತಾನೇ ಹಾರುವುದು) ಮತ್ತು ಹೈಪರ್‌ಲ್ಯಾಪ್ಸ್ (ಹಾರುತ್ತ ಬಿಟ್ಟುಬಿಟ್ಟು ತೆಗೆದ ಫೋಟೊಗಳನ್ನು ವೇಗದ ವಿಡಿಯೊ ಮಾಡುವುದು) ಬಗ್ಗೆ ಹೇಳಲಿಲ್ಲ. ನನ್ನ ಮಟ್ಟಿಗೆ ಸ್ವಯಂಚಾಲನೆ ನಿಜವಾಗಿ ಬೆಲೆ ಬಾಳುವುದು ಅಲ್ಲಿಯೇ, ಏಕೆಂದರೆ ಕೈಯಿಂದ ಮಾಡಲು ಸಾಧ್ಯವೇ ಇಲ್ಲದ ಕೆಲಸ ಅದು. ಒಂದೇ ದಾರಿಯನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾರಿಸಿ ಒಂದರಿಂದ ಇನ್ನೊಂದಕ್ಕೆ ಕರಗಿಸಬಹುದು. ಉಪಗ್ರಹ ಸಂಕೇತದಿಂದ ನಿಂತಲ್ಲಿ ನಿಲ್ಲುವಾಗಲೇ ಮಾದರಿಗೆ ತಕ್ಕಂತೆ ಅರ್ಧ ಮೀಟರಿನಿಂದ ಒಂದೂವರೆ ಮೀಟರಿನವರೆಗೆ ವ್ಯತ್ಯಾಸ ಇರುತ್ತದೆ, ಆದ್ದರಿಂದ ಎರಡು ಹಾರಾಟಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತವೆ ಎಂದು ನಿರೀಕ್ಷಿಸಬೇಡಿ. ಒಂದು ಮೀಟರ್ ತಪ್ಪಿದರೆ 200 ಮೀಟರ್ ದೂರದ ಬೆಟ್ಟ 4ಕೆ ಫ್ರೇಮಿನಲ್ಲಿ 10–15 ಪಿಕ್ಸೆಲ್ ಸರಿಯುತ್ತದೆ, ಎಡಿಟಿಂಗ್‌ನಲ್ಲಿ ಎಳೆದು ಕೂರಿಸಬಹುದು. 10 ಮೀಟರ್ ದೂರದ ಕಂಬ 250 ಪಿಕ್ಸೆಲ್‌ನ ಆಸುಪಾಸು ಸರಿಯುತ್ತದೆ, ಅದನ್ನು ಕೂರಿಸಲಾಗದು. ಇಂತಹ ಶಾಟ್‌ಗಳಲ್ಲಿ ಹತ್ತಿರದ ವಸ್ತುಗಳನ್ನು ಫ್ರೇಮಿನಿಂದ ಹೊರಗಿಡಿ.

ಹೈಪರ್‌ಲ್ಯಾಪ್ಸ್‌ಗೆ ಮೊದಲು ಬ್ಯಾಟರಿಯ ಲೆಕ್ಕ. ಸೆಕೆಂಡಿಗೆ 25 ಫ್ರೇಮ್‌ನಂತೆ 10 ಸೆಕೆಂಡಿನ ವಿಡಿಯೊಗೆ 250 ಫೋಟೊ ಬೇಕು. ಎರಡು ಸೆಕೆಂಡಿಗೊಂದರಂತೆ ತೆಗೆದರೆ 8 ನಿಮಿಷ 20 ಸೆಕೆಂಡು ಆಕಾಶದಲ್ಲಿರಬೇಕು. ಗಾಳಿ ಜೋರಾಗಿದ್ದರೆ ಆ ಹೊತ್ತಿನಲ್ಲಿ ಬ್ಯಾಟರಿ ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತದೆ, ವಾಪಸಾಗುವ ದಾರಿ ಗಾಳಿಗೆ ಎದುರಾಗಿದ್ದರೆ ಇನ್ನೂ ಬೇಗ.

ನೆರಳುಬೆಳಕು ಅವರ ಬೀಗದ ನಿಯಮ ಸೂರ್ಯಾಸ್ತದ ಹೈಪರ್‌ಲ್ಯಾಪ್ಸ್‌ಗೆ ಒಗ್ಗುವುದಿಲ್ಲ. ಅಷ್ಟು ಹೊತ್ತಿನಲ್ಲಿ ಬೆಳಕು ಎಷ್ಟು ಇಳಿಯುತ್ತದೆಂದರೆ ಲಾಕ್ ಮಾಡಿದ ಎಕ್ಸ್‌ಪೋಷರ್ ಕೊನೆಗೆ ಕತ್ತಲೆಯನ್ನೇ ಕೊಡುತ್ತದೆ. ಅಲ್ಲಿ ಎಕ್ಸ್‌ಪೋಷರನ್ನು ಆಟೋಗೆ ಬಿಟ್ಟು, ವೈಟ್ ಬ್ಯಾಲೆನ್ಸ್ ಮಾತ್ರ ಲಾಕ್ ಮಾಡಿ, ಮೂಲ ಫೋಟೊಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ) ರೂಪದಲ್ಲಿ ಉಳಿಸಿಕೊಳ್ಳಿ; ಫ್ರೇಮಿನಿಂದ ಫ್ರೇಮಿಗೆ ಆಗುವ ಮಿನುಗನ್ನು ಆಮೇಲೆ ತೆಗೆಯಬಹುದು.

ಸಂಕಲನಕಾರ

ದಿಗಂತ ಅವರ ಮಾತು ಸರಿ, ಮತ್ತು ಅದು ಸೂರ್ಯಾಸ್ತಕ್ಕೆ ಮಾತ್ರ ಸೀಮಿತವಲ್ಲ. ಮರಗಳ ನೆರಳಿನಿಂದ ಬಯಲಿನ ಬಿಸಿಲಿಗೆ ಬರುವ ಸೈಕಲ್ ಸವಾರನನ್ನು ಲಾಕ್ ಮಾಡಿದ ಎಕ್ಸ್‌ಪೋಷರ್‌ನಲ್ಲಿ ಹಿಡಿದರೆ ಎರಡರಲ್ಲಿ ಒಂದು ಭಾಗ ಹಾಳಾಗುತ್ತದೆ. ಅಂತಹ ಕಡೆ ಕೈಯಿಂದ ಹೊಂದಿಸಬಹುದಾದ ಪ್ರೊ ಮೋಡ್‌ನಲ್ಲಿ ಶಟರನ್ನು 1/50ಕ್ಕೆ ನಿಲ್ಲಿಸಿ, ಐಎಸ್‌ಒ ಒಂದನ್ನೇ ಆಟೋಗೆ ಬಿಡಿ. ಬಿಸಿಲಿನ ಭಾಗದಲ್ಲಿ ಐಎಸ್‌ಒ 100ಕ್ಕೆ ಸರಿಹೊಂದುವಂತೆ ಎನ್‌ಡಿ ಫಿಲ್ಟರ್ ಆರಿಸಿಕೊಂಡರೆ ನೆರಳಿನಲ್ಲಿ ಅದು ಏರುತ್ತದೆ. ತುಸು ನಾಯ್ಸ್ (ಚಿತ್ರದಲ್ಲಿ ಕಾಳುಕಾಳು) ಬರುತ್ತದೆ, ಆದರೆ ಚಲನೆಯ ಸ್ವರೂಪ ಬದಲಾಗುವುದಿಲ್ಲ.

ಬಾನಾಡಿ

ನೀವೆಲ್ಲ ಹೇಳಿದಂತೆ ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ತಿರುಗುವ ವೇಗವನ್ನು ಇಳಿಸಿ ಚಿತ್ರೀಕರಿಸಿದೆ. ಬಣ್ಣ ಈಗ ಜಾರುತ್ತಿಲ್ಲ, ತಡವರಿಕೆಯೂ ಹೋಗಿದೆ. ಉಳಿದಿರುವುದು ಒಂದೇ ತೊಡಕು. ಸಂಜೆ 30 ಮೀಟರ್ ತ್ರಿಜ್ಯದಲ್ಲಿ ಸುತ್ತುವಾಗ ಸೂರ್ಯನ ಎದುರಿನ ಭಾಗ ಬೆಳ್ಳಗಾಗುತ್ತದೆ, ಸೂರ್ಯ ಬೆನ್ನಿಗಿರುವ ಭಾಗ ಸರಿಯಾಗಿರುತ್ತದೆ. ಜೊತೆಗೆ ಸೂರ್ಯನ ಕಡೆ ತಿರುಗಿದಾಗ ಚಿತ್ರದ ಮೇಲ್ಭಾಗದಲ್ಲಿ ಕಪ್ಪು ಪಟ್ಟಿಗಳು ಅದುರುತ್ತವೆ. ಇದು ಸೆನ್ಸರಿನ ದೋಷವೇ?

ನೆರಳುಬೆಳಕು

ಸೆನ್ಸರಿನ ದೋಷವಲ್ಲ, ಪ್ರೊಪೆಲ್ಲರ್‌ಗಳ ನೆರಳು. ಸೂರ್ಯ ಮುಂದೆ, ತುಸು ಮೇಲೆ ಇದ್ದಾಗ ತಿರುಗುವ ರೆಕ್ಕೆಗಳು ಲೆನ್ಸಿನ ಮೇಲೆ ಬೀಳುವ ಬೆಳಕನ್ನು ತುಂಡರಿಸುತ್ತವೆ. ಶಟರ್ ವೇಗ ಹೆಚ್ಚಿದಷ್ಟೂ ಪಟ್ಟಿಗಳು ಸ್ಪಷ್ಟವಾಗುತ್ತವೆ. 1/50ಕ್ಕೆ ಇಳಿಸಿದರೆ ಬಹಳಷ್ಟು ಕರಗಿಹೋಗುತ್ತವೆ, ಉಳಿದದ್ದಕ್ಕೆ ಕ್ಯಾಮೆರಾವನ್ನು ನಾಲ್ಕೈದು ಡಿಗ್ರಿ ಕೆಳಕ್ಕೆ ಬಾಗಿಸಿ.

ಬೆಳ್ಳಗಾಗುವುದಕ್ಕೆ ಉತ್ತರ ನೀವು ಸುತ್ತನ್ನು ಎಲ್ಲಿ ಶುರು ಮಾಡುತ್ತೀರಿ ಎಂಬುದರಲ್ಲಿದೆ. ಪೂರ್ತಿ ಸುತ್ತಿನಲ್ಲಿ ಸೂರ್ಯನ ಎದುರೂ ಬೆನ್ನೂ ಎರಡೂ ಬಂದೇ ಬರುತ್ತವೆ, ಅವೆರಡಕ್ಕೂ ಒಪ್ಪುವ ಒಂದೇ ಎಕ್ಸ್‌ಪೋಷರ್ ಸಿಗುವುದು ಕಷ್ಟ. ಸೂರ್ಯ ನಿಮ್ಮ ಎಡಭುಜದ ಹಿಂದಿರುವಾಗ ಶುರು ಮಾಡಿ, ಅದು ಎಡಪಕ್ಕಕ್ಕೆ ಬರುವಷ್ಟರಲ್ಲಿ ನಿಲ್ಲಿಸಿ. ಶುರು ಮಾಡುವ ಮೊದಲು ಕೊನೆಯ ಜಾಗಕ್ಕೆ ಹಾರಿಹೋಗಿ ಹಿಸ್ಟೋಗ್ರಾಮಿನ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಬಲ ತುದಿ ಗೋಡೆಗೆ ತಾಗದಂತೆ ಎಕ್ಸ್‌ಪೋಷರ್ ಹೊಂದಿಸಿ, ಅತಿ ಬೆಳಕಿನ ಭಾಗವನ್ನು ಪರದೆಯಲ್ಲಿ ಗುರುತಿಸುವ ಝೀಬ್ರಾ ಪಟ್ಟಿಗಳು ಸೂರ್ಯನ ಕಡೆಯ ಆಕಾಶದ ಚಿಕ್ಕ ಭಾಗದಲ್ಲಿ ಮಾತ್ರ ಕಾಣುತ್ತಿವೆಯೇ ಎಂದು ನೋಡಿ ಲಾಕ್ ಮಾಡಿ. ನಿಮಗೆ ಸೂರ್ಯನ ಎದುರಿನ ನೆರಳುಚಿತ್ರವೂ ಬೇಕೆನಿಸಿದರೆ ಅದನ್ನು ಬೇರೆ ಶಾಟ್ ಆಗಿ, ಬೇರೆ ಎಕ್ಸ್‌ಪೋಷರ್‌ನಲ್ಲಿ, ಸ್ಪಾಟ್‌ಲೈಟ್ ಹಾಕಿಕೊಂಡು ನಿಮ್ಮ ಕೈಯಿಂದಲೇ ಹಾರಿಸಿ ತೆಗೆಯಿರಿ. ಸೂರ್ಯ ಕಟ್ಟಡದ ಅಂಚಿನ ಹಿಂದೆ ಅಡಗುವ ಗಳಿಗೆಗೆ ವೇಗವನ್ನು ಇಳಿಸುವುದು ಸಿದ್ಧ ಚಲನೆಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ.